ಇಷ್ಟದೃಷ್ಟಿ

ಸಭಾಂಗಣದ ದೀಪಗಳು ಆರಿದ ಕೂಡಲೇ ಪ್ರೇಕ್ಷಕರ ಕನ್ನಡಕಗಳ ಅಂಚಿನಲ್ಲಿ ಸಣ್ಣ ನೀಲಿ ಬೆಳಕು ಹತ್ತಿಕೊಂಡಿತು. ಇಷ್ಟದೃಷ್ಟಿ ಕೆಲಸ ಆರಂಭಿಸಿತ್ತು. ಪರದೆಯ ಮೇಲೆ ಭುವನಾಳ ಟ್ರೈಲರ್ ಓಡತೊಡಗಿತು. ಅಷ್ಟು ಜನರಲ್ಲಿ ಕನ್ನಡಕ ಹಾಕದೆ ನಿಂತಿದ್ದವಳು ಅವಳೊಬ್ಬಳೇ.

ಆ ಉಪಕರಣದ ತತ್ವ ಸರಳವಾದದ್ದು. ನೋಡುಗನ ಕಣ್ಣಪಾಪೆ ಯಾವ ದೃಶ್ಯಕ್ಕೆ ಅರಳುತ್ತದೆ, ಯಾವುದಕ್ಕೆ ಕುಗ್ಗುತ್ತದೆ ಎಂಬುದನ್ನು ಕನ್ನಡಕದ ಚೌಕಟ್ಟಿನೊಳಗಿನ ಸಂವೇದಕಗಳು ಅಳೆಯುತ್ತಲೇ ಇರುತ್ತವೆ. ಅವನು ಏನನ್ನು ಕಾಣಬಯಸುತ್ತಾನೆಂದು ಒಳಗಿನ ಗಣಕ ಊಹಿಸಿ, ಪರದೆಯ ಚಿತ್ರವನ್ನು ಗಾಜಿನ ಮೇಲೆಯೇ ತಿದ್ದಿ ತೋರಿಸುತ್ತದೆ. ಕಿವಿಯ ಬಳಿ ಧ್ವನಿಯನ್ನೂ ಬದಲಿಸುತ್ತದೆ. ಒಂದೇ ಟ್ರೈಲರ್ ಒಬ್ಬೊಬ್ಬರಿಗೆ ಒಂದೊಂದು ಬಗೆ. ಸಿದ್ದನಕಟ್ಟೆಯ ಮಾಧ್ಯಮ ಕಾಲೇಜು ಆ ವರ್ಷದ ವಿದ್ಯಾರ್ಥಿ ಟ್ರೈಲರ್ ಸ್ಪರ್ಧೆಯನ್ನು ಇದರ ಮೂಲಕವೇ ನಡೆಸಲು ತೀರ್ಮಾನಿಸಿತ್ತು. ಭುವನಾಗೆ ಇದು ಗೊತ್ತಾದದ್ದು ಅದೇ ಬೆಳಿಗ್ಗೆ, ಟ್ರೈಲರನ್ನು ಒಪ್ಪಿಸಿಯಾದ ಮೇಲೆ.

ಅವಳ ಅಪ್ಪ ಓಬಳೇಶ ನಗರಸಭೆಯ ಒಳಚರಂಡಿ ಕೆಲಸದವನು. ಮ್ಯಾನ್‌ಹೋಲಿಗೆ ಇಳಿದಾಗ ವಿಷಗಾಳಿ ಕುಡಿದು ಅಲ್ಲೇ ಸತ್ತ. ಮನುಷ್ಯರನ್ನು ಅದರೊಳಗೆ ಇಳಿಸಕೂಡದೆಂಬ ಕಾನೂನು ಭುವನಾ ಹುಟ್ಟುವ ಮೊದಲೇ ಬಂದಿತ್ತು. ಮಗಳು ಆ ಸಾವಿನ ಬಗ್ಗೆ ಸಿನಿಮಾ ಮಾಡಲು ಹೊರಟಿದ್ದಳು. ಇದು ಅದರ ಟ್ರೈಲರ್. ಬೀದಿ ಕ್ಯಾಮೆರಾದಲ್ಲಿ ಸಿಕ್ಕಿದ ಮಸುಕು ದೃಶ್ಯದಲ್ಲಿ ಅಪ್ಪ ಹಗ್ಗ ಹಿಡಿದು ಇಳಿಯುತ್ತಾನೆ. ಅದಕ್ಕೆ ಅವಳು ಸಂಗೀತ ಸೇರಿಸಿರಲಿಲ್ಲ, ಕಬ್ಬಿಣದ ಮುಚ್ಚಳ ರಸ್ತೆಗೆ ಉಜ್ಜುವ ಸದ್ದನ್ನಷ್ಟೇ ಉಳಿಸಿದ್ದಳು. ಕೊನೆಗೆ ಕತ್ತಲೆ. ನೋಡಿದವರಿಗೆ ಉಸಿರು ಕಟ್ಟಬೇಕು, ಆಮೇಲೆ ಸಿಟ್ಟು ಬರಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ದೀಪಗಳು ಹತ್ತಿದಾಗ ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಮುಂದಿನ ಸಾಲಿನಲ್ಲಿ ಪೌರಾಯುಕ್ತ ರಾಜಶೇಖರಯ್ಯನವರು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಪ್ಪನನ್ನು ಇಳಿಸಿದ್ದು ಅವರದೇ ನಗರಸಭೆ.

ಇಷ್ಟದೃಷ್ಟಿಯನ್ನು ರೂಪಿಸಿದ ವಿಜ್ಞಾನಿ ಡಾ. ಅಚ್ಯುತ ನಗುತ್ತ ಬಂದರು. "ಅಭಿನಂದನೆಗಳು. ಇಂದಿನ ಟ್ರೈಲರುಗಳಲ್ಲೆಲ್ಲ ಅತಿ ಹೆಚ್ಚು ಮೆಚ್ಚುಗೆ ದಾಖಲಾಗಿರೋದು ನಿಮ್ಮದಕ್ಕೇ."

"ಯಾವುದನ್ನ ಮೆಚ್ಚಿದರು ಸರ್?"

"ನಿಮ್ಮ ಟ್ರೈಲರನ್ನ."

"ನನ್ನದನ್ನ ಇಲ್ಲಿ ಯಾರೂ ನೋಡೇ ಇಲ್ಲ."

"ಹಾಗಲ್ಲಮ್ಮ. ಕಷ್ಟದ ವಿಷಯ ಅಂದರೆ ಜನ ಮುಖ ತಿರುಗಿಸ್ತಾರೆ. ಅವರು ಎದ್ದುಹೋಗದ ಹಾಗೆ ಕೂರಿಸೋದು ನನ್ನ ಯಂತ್ರದ ಕೆಲಸ. ಪ್ರತಿಯೊಬ್ಬರೂ ತಮಗೆ ಹೊಂದುವ ರೀತಿಯಲ್ಲಿ—"

"ನಮ್ಮಪ್ಪ ಯಾರಿಗೂ ಹೊಂದೋ ರೀತಿಯಲ್ಲಿ ಸಾಯಲಿಲ್ಲ ಸರ್."

ನಿರೂಪಕಿಯ ಕೈಯಿಂದ ಮೈಕ್ ತೆಗೆದುಕೊಂಡು ಭುವನಾ ಮುಂದಿನ ಸಾಲಿಗೆ ನೇರವಾಗಿ ನಡೆದಳು. "ಸರ್, ನೀವು ಅತ್ತಿದ್ದು ನೋಡಿದೆ. ಏನು ಕಾಣಿಸ್ತು, ಹೇಳ್ತೀರಾ?"

ರಾಜಶೇಖರಯ್ಯನವರು ಸಂಕೋಚವಿಲ್ಲದೆ ಎದ್ದು ನಿಂತರು. "ಮನಸ್ಸಿಗೆ ತಟ್ಟಿತಮ್ಮ. ಮಾಸ್ಕು, ಗ್ಲೌಸು ಎಲ್ಲ ಕೊಟ್ಟಿದ್ದರೂ ಅವನು ಪಕ್ಕಕ್ಕಿಟ್ಟು ಇಳಿದುಬಿಟ್ಟ. ಕೊನೆಗೆ ನಾನೇ ಓಡಿ ಬಂದು ಹಗ್ಗ ಎಳೆದದ್ದನ್ನೂ ತೋರಿಸಿದ್ದೀಯಲ್ಲ. ಯಾರೂ ನಮ್ಮ ಕಡೆಯ ಕಷ್ಟ ಇಷ್ಟು ಚೆನ್ನಾಗಿ ತೋರಿಸಿರಲಿಲ್ಲ."

ಅಪ್ಪ ಸತ್ತ ದಿನ ಈ ಮನುಷ್ಯ ಊರಲ್ಲೇ ಇರಲಿಲ್ಲ. ಮಾಸ್ಕನ್ನಂತೂ ಅಪ್ಪ ಕಂಡವನೇ ಅಲ್ಲ. ಭುವನಾಗೆ ಅವರ ಮೂಗಿನ ಮೇಲಿದ್ದ ಕನ್ನಡಕ ಕಿತ್ತು ಕಾಲಡಿ ಹಾಕಿ ತುಳಿಯಬೇಕೆನ್ನಿಸಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಅವಳ ತಾಯಿ ತಿಪ್ಪಮ್ಮ ಬಂದು ಮಗಳ ತೋಳು ಹಿಡಿದಳು. ತಿಪ್ಪಮ್ಮನ ಮುಖದಲ್ಲಿ, ಮಗಳು ಎಷ್ಟೋ ದಿನಗಳಿಂದ ಕಾಣದ ಒಂದು ಗೆಲುವಿತ್ತು.

"ನಿಮ್ಮಪ್ಪ ಮ್ಯಾಲಕ್ಕೆ ಬಂದ ಕಣವ್ವ," ಎಂದಳು ತಿಪ್ಪಮ್ಮ. "ಕೈಕಾಲು ತೊಳ್ಕಂಡು, ಹೊಟ್ಟೆ ಹಸೀತೈತೆ ಅಂದ. ಇನ್ನೊಂದ್ ಸಲ ಹಾಕು."

ಭುವನಾ ಈಗ ಬೈಯಬೇಕಾದ್ದು ಯಾರನ್ನು? ಡಾ. ಅಚ್ಯುತ ಟ್ರೈಲರನ್ನು ಇನ್ನೊಮ್ಮೆ ಹಾಕಲು ಸನ್ನೆ ಮಾಡಿದರು. ಪ್ರಯೋಗಾಲಯದಲ್ಲಿ ಅವರು ಯಾವ ವಿಧವೆಯ ಕಣ್ಣಿಗೂ ಈ ಕನ್ನಡಕ ಹಾಕಿ ನೋಡಿರಲಿಲ್ಲ.

ಟ್ರೈಲರ್ ಮತ್ತೆ ಓಡಿತು. ಭುವನಾ ಪರದೆಯ ಕಡೆ ನೋಡಲಿಲ್ಲ, ಅವ್ವನನ್ನೇ ನೋಡಿದಳು. ಅವ್ವನ ತುಟಿಗಳು ಯಾರಿಗೋ ಉತ್ತರ ಕೊಡುವಂತೆ ಅಲುಗುತ್ತಿದ್ದವು.

ರಾಜಶೇಖರಯ್ಯನವರೂ ಅದನ್ನು ಕಂಡರು. ದೀಪ ಹತ್ತಿದೊಡನೆ ಅವರು ಸಭೆಯ ಕಡೆ ತಿರುಗಿದರು. "ನೋಡಿ, ಈ ತಾಯಿಗೆ ಎಷ್ಟು ಸಮಾಧಾನವಾಯಿತು. ಕೆಲಸದ ವೇಳೆ ತೀರಿಕೊಂಡ ಪೌರಕಾರ್ಮಿಕರ ಪ್ರತಿ ಕುಟುಂಬಕ್ಕೂ ನಗರಸಭೆಯ ವತಿಯಿಂದ ಒಂದೊಂದು ಇಷ್ಟದೃಷ್ಟಿಯನ್ನು ಉಚಿತವಾಗಿ ಕೊಡಿಸುತ್ತೇನೆ."

ಮತ್ತೆ ಚಪ್ಪಾಳೆ.

ತಿಪ್ಪಮ್ಮನ ಮುಖದ ಗೆಲುವು ನಿಧಾನವಾಗಿ ಇಳಿಯಿತು. ಅವಳು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಅವರ ಕೈಗಿಟ್ಟಳು.

"ಸತ್ತೋರ ಮನೆಗೆ ಇದನ್ನ ಕೊಡ್ತೀರಾ ಸ್ವಾಮಿ? ಅಂದ್ರೆ ಇನ್ನೂ ಇಳಿಸ್ತೀರಾ?"

ಉತ್ತರಕ್ಕೆ ಕಾಯದೆ ತಿಪ್ಪಮ್ಮ ಮಗಳ ಕಡೆ ತಿರುಗಿದಳು. "ಭುವನಾ, ಹಾಕವ್ವ. ಇದಿಲ್ದೆ ನೋಡ್ತೀನಿ."

"ಬ್ಯಾಡವ್ವ. ನಿನ್ನ ಕೈಲಿ ಆಗಲ್ಲ."

"ಹಾಕು ಅಂದೆ."

ಡಾ. ಅಚ್ಯುತ ನಿಯಂತ್ರಣ ಪೆಟ್ಟಿಗೆಯ ಬಳಿಗೆ ಹೋಗಿ ತಾವೇ ಗುಂಡಿ ಒತ್ತಿದರು. ಎಲ್ಲರ ಕನ್ನಡಕಗಳ ನೀಲಿ ಬೆಳಕು ಒಟ್ಟಿಗೆ ಆರಿತು.

ಕಬ್ಬಿಣ ರಸ್ತೆಗೆ ಉಜ್ಜಿದ ಸದ್ದಿಗೆ ಯಾರೋ ಕಿವಿ ಮುಚ್ಚಿಕೊಂಡರು. ಅಪ್ಪ ಬರಿಗೈಯಲ್ಲಿ ಹಗ್ಗ ಹಿಡಿದು ಇಳಿದ. ತಲೆ ಕಾಣುವವರೆಗೂ ಕಂಡಿತು, ಆಮೇಲೆ ಕಾಣಲಿಲ್ಲ. ಪರದೆ ಕಪ್ಪಾಯಿತು. ತಿಪ್ಪಮ್ಮ ಮುಂದಿನ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದು ನಿಂತೇ ಇದ್ದಳು.

"ಇಷ್ಟೇನಾ?" ಎಂದಳು.

"ಇದು ಟ್ರೈಲರ್ ಅಷ್ಟೇ ಅವ್ವ. ಸಿನಿಮಾ ಇನ್ನೂ ಮಾಡ್ಬೇಕು."

ಗಂಡ ಸತ್ತಾಗಿನಿಂದ ತಿಪ್ಪಮ್ಮ ಆ ದಿನದ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಮಗಳು ಕ್ಯಾಮೆರಾ ತಂದಾಗಲೆಲ್ಲ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಈಗ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿಲ ಕಡೆ ಸರಿಯುತ್ತಿದ್ದ ರಾಜಶೇಖರಯ್ಯನವರಿಗೂ ಕೇಳುವಂತೆ ಹೇಳಿದಳು:

"ನಾಳೆ ಬೆಳಿಗ್ಗೆ ಕ್ಯಾಮೆರಾ ತಗಂಡ್ ಬಾ. ಅವತ್ತು ಮನೆ ಬಾಗ್ಲಿಗೆ ಯಾರ್ ಬಂದಿದ್ರು, ಏನಂತ ಹೆದರಿಸಿ ಕರ್ಕಂಡ್ ಹೋದ್ರು, ಎಲ್ಲಾ ನಾನ್ ಹೇಳ್ತೀನಿ. ಹೆಸರು ಹಿಡ್ದು ಹೇಳ್ತೀನಿ."