ಸೋರಿದ ಮೂರು ಮುಚ್ಚಳ

"ನನ್ನ ವೆಲ್ಡಿಂಗ್ ಸೋರತೈತೇನ್ರಿ ಮೇಡಂ?"

ಎದುರಿಗೆ ನಿಂತವನ ಕಣ್ಣಲ್ಲಿ ಬೆಂಕಿ! ಉಮಾಶ್ರೀಗೆ ಅಂದು ಕೆಲಸದ ಮೊದಲ ದಿನ.

"ನಾ ಏನ್ ಮಾಡ್ಲಿರಿ? ಮಶೀನ್ ಹಂಗ ತೋರಸ್ತೈತಿ..."

೧೯೯೮. ಕಿತ್ತೂರಿನ ಬಳಿಯ ಒಂದು ಸಣ್ಣ ಕಾರ್ಖಾನೆ. ಬಾಹ್ಯಾಕಾಶ ನಿಲ್ದಾಣದ ಕೋಣೆಗಳನ್ನು ಹಾರಿಸುವ ಮೊದಲು ಗಾಳಿ ಸೋರುತ್ತದೆಯೇ ಎಂದು ನೆಲದ ಮೇಲೆಯೇ ಪರೀಕ್ಷಿಸುತ್ತಾರೆ. ಆ ಪರೀಕ್ಷೆಯಲ್ಲಿ ಕೋಣೆಯ ಬಾಯಿ ಮುಚ್ಚುವ ಲೋಹದ ಮುಚ್ಚಳ ಮಾಡುವ ಕೆಲಸ ಇಲ್ಲಿಗೆ ಬಂದಿತ್ತು. ಬೆಸೆಯುವವನು ದೊಡವಾಡದ ನೀಲಪ್ಪ. ಹೀಲಿಯಂ ಅನಿಲ ತುಂಬಿ ಯಂತ್ರದಿಂದ ಸೋರಿಕೆ ಹುಡುಕುವವಳು ಬೈಲಹೊಂಗಲದ ಉಮಾಶ್ರೀ.

ಸಿಟ್ಟಾಗಿ ಹೋದವನು ಮರುದಿನ ತಾನೇ ಬಂದು ನಕ್ಕ.

"ತಪ್ಪು ನಂದ ಇರಬೇಕ್ರಿ. ಇನ್ನೊಂದು ಮಾಡ್ತೇನಿ."

ಆ ತಿಂಗಳು ಇಬ್ಬರೂ ಬುತ್ತಿ ಹಂಚಿಕೊಂಡು ಉಂಡರು. ಅವನ ಕೈಯ ಸುಟ್ಟ ಕಲೆ ಕಂಡರೆ ಅವಳ ಕರುಳು ಚುರ್ ಎನ್ನುತ್ತಿತ್ತು.

ಎರಡನೆಯ ಮುಚ್ಚಳವೂ ಸೋರಿತು. ಮೂರನೆಯದೂ...

'ದೇವರೇ, ಇದನ್ನು ವರದಿಯಲ್ಲಿ ನಾನೇ ಬರೆಯಬೇಕೇ?'

ಬರೆದಳು. ಮೇಲೆ ಬಾಹ್ಯಾಕಾಶದಲ್ಲಿ ಉಸಿರಾಡುವವರ ಜೀವದ ಪ್ರಶ್ನೆ!

ಸಂಜೆಯೇ ಮಾಲೀಕರು ನೀಲಪ್ಪನನ್ನು ಕೆಲಸದಿಂದ ತೆಗೆದರು.

"ನನ್ನ ಪರವಾಗಿ ಒಂದ ಮಾತೂ ಆಡಲಿಲ್ಲಲ್ರಿ..." ಎಂದು ಹೊರಟೇಹೋದ.

ಎಂಟು ದಿನದ ಮೇಲೆ ಹೊಸ ವೆಲ್ಡರ್‌ನ ಮುಚ್ಚಳವೂ ಸೋರಿತು. ಅನುಮಾನ ಬಂದು ಉಮಾಶ್ರೀ ಯಂತ್ರದ ಪೈಪು ಬಿಚ್ಚಿದಳು. ಅದರಲ್ಲೇ ಕೂದಲೆಳೆಯಷ್ಟು ಬಿರುಕು! ಪೈಪು ಬದಲಿಸಿ ನೀಲಪ್ಪನ ಮುಚ್ಚಳಗಳನ್ನು ಮತ್ತೆ ಪರೀಕ್ಷಿಸಿದಳು. ಒಂದೂ ಸೋರಲಿಲ್ಲ.

"ಅವರನ್ನ ವಾಪಸ್ ಕರೀರಿ ಸರ್!"

"ಅವನ ಜಾಗಾ ತುಂಬೇತಿ. ಹೊರಗ ಗೊತ್ತಾದ್ರ ನಮ್ಮ ಹೆಸರು ಕೆಡತೈತಿ. ಸುಮ್ನಿರು," ಎಂದರು ಮಾಲೀಕರು.

ಭಾನುವಾರ ಅವಳು ದೊಡವಾಡದ ಬಸ್ಸು ಹತ್ತಿದಳು. ನೀಲಪ್ಪ ಎಮ್ಮೆಗೆ ಮೇವು ಹಾಕುತ್ತಿದ್ದ. ಬಾಗಿಲಲ್ಲಿ ನಿಂತ ಅವನ ಅಕ್ಕ ದೇವಕ್ಕ ಮೆಲ್ಲಗೆ ಹೇಳಿದಳು, "ಬಂದಾಗಿಂದ ವೆಲ್ಡಿಂಗ್ ಮುಟ್ಟಿಲ್ಲವ್ವಾ. 'ನನ್ನ ಕೈ ಕೆಟ್ಟಾವು' ಅಂತಾನ."

ಉಮಾಶ್ರೀಗೆ ತಡೆಯಲಾಗಲಿಲ್ಲ.

"ನಿಮ್ಮ ಕೈ ಕೆಟ್ಟಿಲ್ರಿ! ನನ್ನ ಮಶೀನಿನ ಪೈಪ ಸೋರತಿತ್ತು. ಮೊದಲ ನಾ ಅದನ್ನ ನೋಡಬೇಕಿತ್ತು... ನಿಮ್ಮ ಕೆಲಸ ವಾಪಸ್ ಕೊಡಸಾಕೂ ನನ್ನ ಕಡಿಂದ ಆಗಲಿಲ್ಲ..."

ನೀಲಪ್ಪ ಅಂಗೈಗಳನ್ನೇ ನೋಡುತ್ತ ನಿಂತ.

"ಮೂರೂ ಚಲೋ ಇದ್ದೂ?"

"ಮೂರೂ."

ಅವನು ಮೇವಿನ ಮೇಲೆ ಕುಸಿದು ಕುಳಿತು ಅತ್ತುಬಿಟ್ಟ.

"ಇದನ್ನ ಹೇಳಾಕ ಇಲ್ಲೀತನಕ ಬಂದ್ರ್ಯಾ?"

"ಇನ್ನೊಂದೈತಿ..." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಿಮ್ಮನ್ನ ಬಿಟ್ಟು ನನಗ ಇರಾಕ ಆಗವಲ್ದು."

ಅವನು ಮೇವಿನ ಕಡ್ಡಿ ಕೊಡವುತ್ತ ಎದ್ದ.

"ನನಗೂ ಆಗವಲ್ದು. ಆದ್ರ ಈಗ ನನಗ ಕೆಲಸಿಲ್ಲ, ಉಮಾ."

"ನನಗೂ ಇಲ್ಲ. ಖರೇ ರಿಪೋರ್ಟ್ ಬರದು ಮಾಲೀಕರ ಕೈಯಾಗ ಕೊಟ್ಟು, ಬಿಟ್ಟು ಬಂದೇನಿ."

"ಅಯ್ಯ ಹುಚ್ಚೀ!" ಅವನು ಅಳುತ್ತಲೇ ನಕ್ಕ. "ಎಷ್ಟೊತ್ತು ಬಿಸಲಾಗ ನಿಂದರ್ತಿ? ಒಳಗ ಬಾ."