ಎದೆಯ ನಡುವಿನ ಗಡ್ಡೆ ಯಾರದು?

ಎಕ್ಸ್‌ರೇ ತೆಗೆಸಿದ್ದು ಬರೀ ಕೆಮ್ಮಿಗೆಂದು. ಕಂಡದ್ದು ತಮ್ಮನ ಎದೆಯ ನಟ್ಟನಡುವೆ ಮುಷ್ಟಿಗಾತ್ರದ ಗಡ್ಡೆ!

ಅಕ್ಕ ಅಂದೇ ಅವನನ್ನು ಆಸ್ಪತ್ರೆಗೆ ಎಳೆದೊಯ್ದಳು. ಗಡ್ಡೆಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಕ್ಯಾನ್ಸರ್ ಎಂದರು. ಹುಟ್ಟಿದ್ದೆಲ್ಲಿ? ಖಚಿತವಿಲ್ಲ. ಶ್ವಾಸಕೋಶದ್ದೇ ಇರಬೇಕೆಂದು ಗುಮಾನಿ. ಹಾಗಿದ್ದರೆ ಉಳಿಯುವ ಆಸೆ ಕಡಿಮೆ.

ಕೊನೆಗೆ ಅಕ್ಕ ತಮ್ಮ ಇಬ್ಬರೂ, ದೊಡ್ಡಾಸ್ಪತ್ರೆಯಲ್ಲಿ ‘ಪತ್ತೇದಾರಿ’ ಎಂದೇ ಅಡ್ಡಹೆಸರು ಪಡೆದಿದ್ದ ಡಾಕ್ಟರಮ್ಮನ ಮುಂದೆ ಕೂತರು.

“ಸಿಗರೇಟು ಸೇದ್ತೀಯೇನಪ್ಪಾ?”

“ಹೊಗೆ ಕಂಡ್ರೇ ಮಾರು ದೂರ ಓಡ್ತಾನೆ,” ಅಕ್ಕನೇ ಉತ್ತರಿಸಿದಳು.

“ವಯಸ್ಸು?”

“ಮೂವತ್ತು ತುಂಬಿಲ್ಲ ಮೇಡಂ,” ಎಂದ ತಮ್ಮ.

“ಗಡ್ಡೆ ಎಡಕ್ಕಾ, ಬಲಕ್ಕಾ?”

“ಸರಿಯಾಗಿ ಮಧ್ಯದಲ್ಲಿ. ಎಕ್ಸ್‌ರೇಲಿ ನೀವೇ ನೋಡಿದ್ರಲ್ಲ?” ಎಂದಳು ಅಕ್ಕ.

“ಎಲ್ಲರೂ ನೋಡಿದ್ದಾರೆ. ಅಲ್ಲೇ ಯಾಕೆ ಅಂತ ಯಾರೂ ಕೇಳಿಲ್ಲ!”

ಆಕೆ ಉಳಿದ ಚೂರನ್ನು ಪ್ರಯೋಗಾಲಯಕ್ಕೆ ಕಳಿಸಿದರು.

“ಇನ್ನೇನು ನೋಡ್ತೀರಿ?” ಅಕ್ಕ ಕೇಳಿದಳು.

“ಮೈಯಲ್ಲೆಲ್ಲ ಇರೋ ಜೀನುಗಳು ಅವೇ ಅಮ್ಮಾ. ಆದ್ರೆ ಶ್ವಾಸಕೋಶದಲ್ಲಿ ಕೆಲವು ಎದ್ದು ದುಡೀತವೆ, ಹೊಟ್ಟೇಲಿ ಬೇರೆ ಕೆಲವು. ಈ ಗಡ್ಡೆಯಲ್ಲಿ ಯಾವುದು ಎದ್ದಿದೆ, ಯಾವುದು ಮಲಗಿದೆ ಅಂತ ಅಳೆದ್ರೆ ಅದರ ಹುಟ್ಟೂರು ಗೊತ್ತಾಗುತ್ತೆ.”

ಫಲಿತಾಂಶದ ದಿನ ಡಾಕ್ಟರಮ್ಮ ಬಾಗಿಲಲ್ಲೇ ನಗುತ್ತಿದ್ದರು.

“ಶ್ವಾಸಕೋಶ ನಿರಪರಾಧಿ! ಅದರ ಜೀನುಗಳೆಲ್ಲ ಗೊರಕೆ ಹೊಡೀತಿವೆ. ಎದ್ದಿರೋದು ವೀರ್ಯಾಣು ಹುಟ್ಟಿಸೋ ಮೂಲಕೋಶದ ಜೀನುಗಳು.”

ತಮ್ಮನ ಕಿವಿ ಕೆಂಪಾಯಿತು. “ಅದು... ಎದೆಗೆ ಹೇಗೆ ಬಂತು?”

“ಎಲ್ಲರೂ ಕೈಬಿಟ್ಟ ಸುಳಿವು ಅದೇ — ನಟ್ಟನಡು! ಮಗು ತಾಯಿ ಹೊಟ್ಟೇಲಿರುವಾಗ ಆ ಕೋಶಗಳು ಮೈಯ ನಡುಗೆರೆ ಹಿಡಿದು ವೃಷಣದ ಜಾಗಕ್ಕೆ ಪ್ರಯಾಣ ಮಾಡ್ತವೆ. ನಿನ್ನಲ್ಲಿ ಕೆಲವು ದಾರಿ ತಪ್ಪಿ ಎದೇಲೇ ಉಳ್ಕೊಂಡಿರಬೇಕು. ಇಷ್ಟು ವರ್ಷ ತೆಪ್ಪಗಿದ್ದು ಈಗ ಕೆರಳಿವೆ. ಅಪರಾಧಿ ಅವೇ.”

“ಅಂದ್ರೆ ಇವನು ಹುಟ್ಟೋ ಮೊದಲೇ ದಾರಿ ತಪ್ಪಿದವ!” ಅಕ್ಕನ ಬಾಯಿಂದ ಮಾತು ಜಾರಿಬಿಟ್ಟಿತು.

“ಅಕ್ಕಾ!”

ಡಾಕ್ಟರಮ್ಮ ಬಿದ್ದು ಬಿದ್ದು ನಕ್ಕರು. “ಖುಷಿ ಸುದ್ದಿ ಕೇಳಿ. ಸರಿಯಾದ ಔಷಧಿ ಕೊಟ್ರೆ ಈ ಬಗೆಯದು ಬೆಣ್ಣೆ ಹಾಗೆ ಕರಗುತ್ತೆ. ಹೆಚ್ಚಿನವರು ಪೂರ್ತಿ ಗುಣ ಆಗ್ತಾರೆ.”

ಹಾಗೆಯೇ ಆಯಿತು. ಔಷಧಿಗೆ ಗಡ್ಡೆ ಹೋಯಿತು, ತಲೆಗೂದಲೂ ಹೋಯಿತು. ಕೂದಲು ತಿರುಗಿ ಬಂತು — ಅದೂ ಗುಂಗುರು ಗುಂಗುರಾಗಿ! ಗಡ್ಡೆ ಬರಲಿಲ್ಲ.

ಕನ್ನಡಿ ಬಿಟ್ಟು ಕದಲದ ತಮ್ಮನನ್ನು ಅಕ್ಕ ಗದರಿದಳು: “ಸಾಕು ಬಾರೋ, ಮಹಾ ಸಿನಿಮಾ ಹೀರೋ!”

ಗದರುತ್ತಲೇ ಆ ಗುಂಗುರಿನೊಳಗೆ ಕೈಯಾಡಿಸಿ, ಕಣ್ಣೊರೆಸಿಕೊಂಡು ನಕ್ಕಳು.