ಮಲ್ಲೇಶ್ವರಿಯ ತೋಳಿನ ಗಾಯ

ತೋಳಿಗೆ ಸುತ್ತಿದ್ದ ಹರಕು ಬಟ್ಟೆ ಬಿಚ್ಚಿದ ಕೂಡಲೇ ನರ್ಸ್ ಮುಖ ಆಚೆ ತಿರುಗಿಸಿದಳು. ಮೊಣಕೈಯಿಂದ ಮೇಲಕ್ಕೆ ಚರ್ಮ ಸುಟ್ಟು ಕೀವು ಕಟ್ಟಿತ್ತು. ಶಹಾಪುರದ ಆಸ್ಪತ್ರೆಯ ಮಂಚದ ಮೇಲೆ ಮಲ್ಲೇಶ್ವರಿ ಸದ್ದಿಲ್ಲದೆ ಕುಳಿತಿದ್ದಳು. ಅವಳಿಗೆ ಕಿವಿ ಕೇಳದು, ಮಾತು ಬಾರದು. ಊರಾಚೆಯ 'ನೆರಳು ನಿಲಯ' ಎಂಬ ಅಂಗವಿಕಲರ ಆಶ್ರಮದಲ್ಲಿ ಇರುವವಳು. ಗಾಯ ನೋಡಲಾರದೆ ಅಲ್ಲಿಯ ನೆರೆಮನೆಯವರೇ ಕರೆತಂದಿದ್ದರು.

ನಾನು ನುಜ್ಹತ. ಯಾದಗಿರಿಯ ಪತ್ರಿಕೆಯೊಂದರ ವರದಿಗಾರ್ತಿ. ಸಿಟ್ಟು ನನಗೆ ಯಾವತ್ತೂ ಮೂಗಿನ ತುದಿಯಲ್ಲಿ. ಆ ತೋಳು ನೋಡಿದ ಮೇಲೆ ಕೇಳಬೇಕೆ, ಮೈಯೆಲ್ಲ ಉರಿದುಹೋಯಿತು.

ಪಿಎಸ್‌ಐ ಸೌಭಾಗ್ಯ ನನಗಿಂತ ಮೊದಲೇ ಬಂದಿದ್ದರು. ಆಶ್ರಮದ ಮ್ಯಾನೇಜರ್ ಅಂಬಣ್ಣ ದಪ್ಪ ಮೀಸೆ ತಿರುವುವುದನ್ನು ಬಿಟ್ಟು ಅವರಿಗೆ ಕೈಮುಗಿದ. ಇದೆಲ್ಲ ನಾಗರ ಪಂಚಮಿಯ ದಿನ ಆದ ಅನಾಹುತ, ತಾನು ಸುರಪುರದ ಅತ್ತೆಮನೆಯಲ್ಲಿದ್ದೆ, ಅಡುಗೆಯವಳ ಅಲಕ್ಷ್ಯದಿಂದ ಹೀಗಾಯಿತು ಎಂದ. ಅಡುಗೆಯ ಗೊಲ್ಲಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಂದೇ ತಪ್ಪರಿ. ರೊಟ್ಟಿ ಬಡಿಯಾಕತ್ತಿದ್ದೆ. ಅಕಿ ಆಯ ತಪ್ಪಿ ಕಾದ ಹಂಚಿನ ಮ್ಯಾಲ ಬಿದ್ಲು."

ಸೌಭಾಗ್ಯ ಸುರಪುರಕ್ಕೆ ಫೋನ್ ಮಾಡಿದರು. ಪಂಚಮಿಯ ದಿನವಿಡೀ ಅಂಬಣ್ಣ ಅಲ್ಲೇ ಇದ್ದ, ಮರುದಿನ ಬೆಳಿಗ್ಗೆ ಹೊರಟ ಎಂದು ಮಾವನೂ ಹೇಳಿದ, ಪಕ್ಕದ ಮನೆಯವರೂ ಹೇಳಿದರು. ಗಾಯ ಪಂಚಮಿಯದೂ ಇರಬಹುದು, ಅದರ ಮರುದಿನದ್ದೂ ಇರಬಹುದು ಎಂದರು ಡಾಕ್ಟರು. ಅಲ್ಲಿಗೆ ಅದು ಅಪಘಾತ. ಸಂಜೆ ಮಲ್ಲೇಶ್ವರಿ ಅಂಬಣ್ಣನ ಜೊತೆಯಲ್ಲೇ ಆಶ್ರಮಕ್ಕೆ ವಾಪಸ್ ಹೋಗಬೇಕು ಎಂದಾಯಿತು.

ಅಂಬಣ್ಣ "ಬಾ" ಎಂದು ಕೈ ಮಾಡಿದ. ಅವಳು ಮಂಚದ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

*

ಗೊಲ್ಲಾಳಮ್ಮನನ್ನು ಹೊರಗೆ ಕರೆದೊಯ್ದು ಬಾಯಿಗೆ ಬಂದಂತೆ ಬೈದೆ. ನಿನ್ನ ಕೈಗೇನು ಲಕ್ವ ಹೊಡೆದಿತ್ತೇ, ಎಬ್ಬಿಸಲಿಕ್ಕೆ ಆಗಲಿಲ್ಲವೇ ಎಂದೆ. ತನ್ನ ಕಣ್ಣು ಕಾಣದ ತಂಗಿ ಮಾಳಮ್ಮನೂ ಅದೇ ಆಶ್ರಮದಲ್ಲಿದ್ದಾಳೆ, ಕೆಲಸ ಹೋದರೆ ಅವಳೂ ಬೀದಿಪಾಲು ಎಂದಷ್ಟೇ ಅವಳು ಹೇಳಿದಳು.

ಇಷ್ಟು ಹೆದರುವವಳು ತಪ್ಪನ್ನು ತಾನಾಗಿ ಮೈಮೇಲೆ ಎಳೆದುಕೊಳ್ಳುತ್ತಾಳೆಯೇ? ಅವಳು ಹೇಳಿದ್ದನ್ನು ಮನಸ್ಸಿನಲ್ಲೇ ಮತ್ತೆ ಕೇಳಿಸಿಕೊಂಡೆ. ಪಂಚಮಿ. ರೊಟ್ಟಿ. ಹಂಚು. ನಮ್ಮ ನೆರೆಯ ಮಾನಮ್ಮಕ್ಕ ಪ್ರತಿ ವರ್ಷ ಪಂಚಮಿಗೆ ಮೊದಲೇ, ರೊಟ್ಟಿ ಹಬ್ಬದಂದು, ನಮ್ಮ ಮನೆಗೆ ತಟ್ಟೆ ತುಂಬ ಸಜ್ಜೆ ರೊಟ್ಟಿ ಕಳಿಸುತ್ತಾಳೆ. ಯಾಕೆ ಮೊದಲೇ ಎಂಬುದು ಹೊಳೆದದ್ದೇ ತಡ, ಒಳಗೆ ಓಡಿದೆ.

*

ಅಪಘಾತವೆಂದು ಬರೆಯಲು ಸೌಭಾಗ್ಯ ಪೆನ್ನು ತೆಗೆದಿದ್ದರು. ಒಂದು ನಿಮಿಷ ಎಂದು ಅವರನ್ನು ತಡೆದು ಅಂಬಣ್ಣನ ಎದುರು ಕುಳಿತೆ. ಮಾತಿನಲ್ಲಿ ಸಕ್ಕರೆ ಬೆರೆಸಿದೆ.

"ಅತ್ತಿ ಮನ್ಯಾಗ ಹಬ್ಬ ಜೋರಿತ್ತೇನ್ರಿ?"

"ಹೌದ್ರಿ. ಕಡಬು, ಉಂಡಿ, ಅಳ್ಳು, ಎಲ್ಲಾ ಮಾಡಿದ್ರು."

"ಬಿಸಿ ರೊಟ್ಟಿ?"

ಅವನು ನಕ್ಕ. "ನಿಮಗ ಗೊತ್ತಿಲ್ಲೇನ್ರಿ ಮೇಡಮ್, ಹಂಚು ಅಂದ್ರ ನಾಗಪ್ಪನ ಹೆಡಿ. ಪಂಚಮಿ ದಿನ ಒಲಿ ಮ್ಯಾಲ ಹಂಚು ಯಾರ್ ಇಡ್ತಾರ್ರಿ?"

ತಾನು ಹೇಳಿದ್ದೇನೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮೀಸೆಯ ಮೇಲೆ ಬೆವರು ಒಡೆಯಿತು.

ನಾನು ಸೌಭಾಗ್ಯ ಅವರಿಗೆ ಬಿಡಿಸಿ ಹೇಳಿದೆ. ತಾನು ಊರಲ್ಲಿ ಇರಲಿಲ್ಲವೆಂದು ತೋರಿಸಲು ಇವನಿಗೆ ಪಂಚಮಿ ಬೇಕಿತ್ತು. ಸುಟ್ಟ ಗಾಯಕ್ಕೊಂದು ನೆಪವೂ ಬೇಕಿತ್ತು. ಎಂದೂ ರೊಟ್ಟಿ ಬಡಿಯದ ಗಂಡಸು, ಹಂಚು ಎಂದು ಅಡುಗೆಯವಳ ಬಾಯಲ್ಲಿ ಹೇಳಿಸಿಬಿಟ್ಟ. ಎರಡೂ ಒಂದೇ ದಿನ ಕೂಡುವುದಿಲ್ಲವೆಂದು ತಲೆಗೇ ಹೋಗಲಿಲ್ಲ.

ಗೊಲ್ಲಾಳಮ್ಮ ಬಾಗಿಲಲ್ಲಿ ನಿಂತಿದ್ದಳು. ಸೌಭಾಗ್ಯ ಅವಳ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿಯೇ ಹೇಳಿದಳು.

"ಅವರು ಹೇಳಿಕೊಟ್ರು, ನಾ ಹೂಂ ಅಂದೆ. ಇಲ್ಲಾಂದ್ರ ನನ್ ತಂಗೀನ ಹೊರಗ ಹಾಕ್ತೀನಿ ಅಂದ್ರು."

ಸೌಭಾಗ್ಯ ಮಲ್ಲೇಶ್ವರಿಯ ಹತ್ತಿರ ಹೋಗಿ ಗಾಯ ತೋರಿಸಿ, ಯಾರು ಎಂದು ಕೈಯಲ್ಲಿ ಕೇಳಿದರು. ಅಲ್ಲಿಯವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ತುಟಿಯ ಮೇಲೆ ಬೆರಳಾಡಿಸಿ ಮೀಸೆ ತಿರುವಿದಳು. ಸೌಟು ತಿರುವಿದಂತೆ ಮಾಡಿ, ಉರಿಯ ಮೇಲೆ ಹಿಡಿದು, ತನ್ನ ತೋಳಿಗೆ ಒತ್ತಿಕೊಂಡಳು. ಆಮೇಲೆ ಹೊಟ್ಟೆ ಮುಟ್ಟಿಕೊಂಡಳು. ಉಳಿದದ್ದನ್ನು ಗೊಲ್ಲಾಳಮ್ಮ ಬಿಡಿಸಿ ಹೇಳಿದಳು. ಹಸಿವು ತಡೆಯದೆ ಪಂಚಮಿಯ ಮರುದಿನ ನೆರೆಮನೆಗೆ ಉಂಡಿ ಬೇಡಲು ಹೋಗಿದ್ದಳು. ಆಶ್ರಮದ ಬಣ್ಣ ಬಯಲಾದೀತೆಂದು, ಊರಿಂದ ಆಗಷ್ಟೇ ಬಂದ ಅಂಬಣ್ಣ ಬರೆ ಎಳೆದಿದ್ದ.

ಅವನನ್ನು ಠಾಣೆಗೆ ಕಳಿಸಿದರು. ಅವಳ ಹೇಳಿಕೆ ಪಡೆಯಲು ಸಂಜ್ಞೆ ಭಾಷೆ ಬಲ್ಲವರನ್ನು ಯಾದಗಿರಿಯಿಂದ ಕರೆಸಿದರು. ಮಲ್ಲೇಶ್ವರಿ ಆಸ್ಪತ್ರೆಯಲ್ಲೇ ಉಳಿದಳು.

*

ಉಳಿದವರನ್ನು ನೋಡಲು ಸೌಭಾಗ್ಯ ಆಶ್ರಮಕ್ಕೆ ಹೊರಟರು. ನಾನೂ ಗೊಲ್ಲಾಳಮ್ಮನೂ ಜೀಪು ಹತ್ತಿದೆವು. ದಾರಿಯುದ್ದಕ್ಕೂ ಅವಳು, ನನ್ನ ತಂಗಿಗೆ ಅವರು ಏನೂ ಮಾಡಿಲ್ಲ, ನಾನಿದ್ದೀನಲ್ಲ ಎಂದು ಹೇಳುತ್ತಲೇ ಇದ್ದಳು.

ಮಾಳಮ್ಮ ಗೋಡೆ ಹಿಡಿದುಕೊಂಡು ಬಂದಳು. ಇನ್ನು ಹೆದರಬೇಡ, ಅಂಬಣ್ಣ ಠಾಣೆಯಲ್ಲಿದ್ದಾನೆ ಎಂದರು ಸೌಭಾಗ್ಯ. ಅವಳು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಸೆರಗು ಸರಿಸಿ, ಉದ್ದ ತೋಳಿನ ಕುಪ್ಪಸವನ್ನು ಭುಜದವರೆಗೆ ಏರಿಸಿದಳು. ಬರೆಯ ಮೇಲೆ ಬರೆ. ಹಳೆಯವು ಕಪ್ಪಗಿದ್ದವು, ಒಂದು ಇನ್ನೂ ಹಸಿಯಾಗಿತ್ತು.

ಗೊಲ್ಲಾಳಮ್ಮ ನಿಂತಲ್ಲೇ ಕುಸಿದಳು. ಸದ್ದು ಬಂದ ಕಡೆಗೆ ಮಾಳಮ್ಮ ಮುಖ ತಿರುಗಿಸಿದಳು.

"ಅಕ್ಕಾ, ನಿನ್ ಕೆಲಸ ಹೋಗ್ತದಂತ ನಾ ಹೇಳಲಿಲ್ಲ."